ಕಜಾನಿಯ ವೈದ್ಯ

ವೈದ್ಯಗ್ರಂಥವನ್ನು ಪದ್ಯವಾಗಿ ಓದುವುದು ಕನ್ನಡಿಗರಿಗೆ ಹೊಸತಲ್ಲ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯ ಶಾಸ್ತ್ರ. ಅದರಲ್ಲಿ ಔಷಧದೊಡನೆ ಮಂತ್ರಕ್ಕೂ ಸ್ಥಾನವಿದೆ. ಆ ಕೃತಿಯನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ನೆನಪಾಗುವವನು ದೂರದ ಫಿನ್ಲೆಂಡಿನ ಎಲಿಯಾಸ್ ಲೋನ್‌ರೋಟ್. ನಮ್ಮ ಜಾನಪದ ಪಾಠಗಳಲ್ಲಿ ಆತ ‘ಕಲೇವಲ’ದ ಸಂಪಾದಕನೆಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಾನೆ. ಅವನು ಹಳ್ಳಿಗಾಡಿನ ವೈದ್ಯನಾಗಿದ್ದನೆಂಬುದು ಅಡಿಟಿಪ್ಪಣಿಯ ಸಂಗತಿ. ನನಗಾದರೋ ಅದೇ ಮೂಲಪಾಠವೆನಿಸಿದೆ.

ಲೋನ್‌ರೋಟ್ ಹುಟ್ಟಿದ್ದು 1802ರಲ್ಲಿ, ಬಡ ದರ್ಜಿಯೊಬ್ಬನ ಮನೆಯಲ್ಲಿ. 1832ರಲ್ಲಿ ವೈದ್ಯಪದವಿಗೆ ಅವನು ಬರೆದ ಪ್ರಬಂಧದ ವಿಷಯ ಫಿನ್ನರ ಮಾಂತ್ರಿಕ ಚಿಕಿತ್ಸೆ. ಮರುವರ್ಷ ಕಜಾನಿ ಎಂಬ ಮೂಲೆಯ ಊರಿಗೆ ಸೀಮೆಯ ವೈದ್ಯನಾಗಿ ಹೋದ. ಬೆಳೆ ಕೆಟ್ಟ ಕಾಲ. ಹಸಿವಿನ ಹಿಂದೆಯೇ ಸಾಂಕ್ರಾಮಿಕ ಜ್ವರ. ಚಿಕಿತ್ಸೆ ಮಾಡಹೋದ ವೈದ್ಯನೇ ಹಾಸಿಗೆ ಹಿಡಿದ. ಚೇತರಿಸಿಕೊಂಡು 1834ರ ಏಪ್ರಿಲ್ಲಿನಲ್ಲಿ ಗಡಿಯಾಚೆಯ ಕರೇಲಿಯಕ್ಕೆ ಹೋಗಿ, ಲಾತ್ವಯಾರ್ವಿ ಎಂಬ ಹಳ್ಳಿಯಲ್ಲಿ ವೃದ್ಧ ಅರ್ಹಿಪ್ಪ ಪೆರ್ತುನೆನ್ ಹಾಡಿದ್ದನ್ನು ಮೂರು ದಿನ ಕುಳಿತು ಬರೆದುಕೊಂಡ. ಧ್ವನಿಮುದ್ರಣ ಹುಟ್ಟಿರದ ಕಾಲದಲ್ಲಿ ಕಿವಿಗೂ ಲೇಖನಿಗೂ ನಡುವೆ ಬೇರೆ ಸಾಧನವಿರಲಿಲ್ಲ. 1835ರ ‘ಕಲೇವಲ’ದಲ್ಲಿ 12,078 ಸಾಲುಗಳಿದ್ದವು, 1849ರ ಪರಿಷ್ಕರಣದಲ್ಲಿ ಅವು 22,795 ಆದವು.

ಆ ಕಾವ್ಯದ ಒಂದು ಪ್ರಸಂಗವನ್ನು ವೈದ್ಯನಲ್ಲದವನು ಅಷ್ಟು ಶ್ರದ್ಧೆಯಿಂದ ಜೋಡಿಸುತ್ತಿದ್ದನೆಂದು ನಾನು ನಂಬಲಾರೆ. ದೋಣಿ ಕಡೆಯುತ್ತಿದ್ದ ವೈನಮೊಯಿನೆನ್ನನ ಮೊಣಕಾಲಿಗೆ ಕೊಡಲಿ ತಗುಲಿ ರಕ್ತ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಬಲ್ಲ ಮುದುಕನೊಬ್ಬನಿದ್ದಾನೆ. ಆದರೆ ಕಬ್ಬಿಣ ಹುಟ್ಟಿದ ಕಥೆ ಅವನಿಗೆ ತಿಳಿಯದು. ಗಾಯಗೊಂಡವನೇ ಆ ಕಥೆಯನ್ನು ಹೇಳಿದ ಮೇಲೆ ಮಂತ್ರ ಫಲಿಸುತ್ತದೆ. ಕೆಡುಕಿನ ಮೂಲವನ್ನು ಬಲ್ಲವನಿಗೆ ಕೆಡುಕು ವಶವಾಗುತ್ತದೆಂಬುದು ಅಲ್ಲಿನ ಮಂತ್ರವಾದಿಗಳ ತತ್ತ್ವ. ರೋಗಕ್ಕೆ ಮೊದಲು ನಿದಾನ, ಆಮೇಲೆ ಚಿಕಿತ್ಸೆ ಎನ್ನುವ ನಮ್ಮ ವೈದ್ಯಶಾಸ್ತ್ರದ ಕ್ರಮವೂ ಇದಕ್ಕೆ ತೀರ ಪರಕೀಯವಲ್ಲ.

ಇದೇ ಲೋನ್‌ರೋಟ್ 1839ರಲ್ಲಿ ರೈತರ ಮನೆಬಳಕೆಗೆಂದು ಫಿನ್ನಿಶ್ ಭಾಷೆಯಲ್ಲಿ ವೈದ್ಯಪುಸ್ತಕವೊಂದನ್ನು ಹೊರತಂದ. ಅಂಥ ಪುಸ್ತಕ ಮನೆಮನೆಗೆ ತಲಪಿದಷ್ಟೂ ಮಂತ್ರದ ಮುದುಕರಿಗೆ ಕೆಲಸ ಕಡಿಮೆ. ಒಂದು ಕೈಯಿಂದ ಮಂತ್ರವನ್ನು ಬರೆದುಕೊಳ್ಳುತ್ತ, ಇನ್ನೊಂದರಿಂದ ಅದರ ಅಗತ್ಯವನ್ನೇ ಅಳಿಸುವುದು: ಈ ಇಕ್ಕಟ್ಟಿನಲ್ಲಿ ಆತ ಎರಡನ್ನೂ ಬಿಡಲಿಲ್ಲ. ಮಂತ್ರಗಳ ದೊಡ್ಡ ಸಂಕಲನ ಅಚ್ಚಾದದ್ದು 1880ರಲ್ಲಿ, ಅವನಿಗೆ ಎಪ್ಪತ್ತೆಂಟಾದಾಗ.

ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಬೆಳೆದವರಿಗೆ ಅವನ ವಿಧಾನ ಮುಜುಗರ ತರುತ್ತದೆ. ನಾವು ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತೇವೆ. ಆತ ಹಲವರ ಸಾಲುಗಳನ್ನು ಹೆಣೆದ, ಸಂದು ಕೂಡಿಸಲು ಅಲ್ಲಲ್ಲಿ ತನ್ನವನ್ನೂ ಸೇರಿಸಿದ. ಹಾಡುಗಾರರಿಗಿರುವ ಸ್ವಾತಂತ್ರ್ಯ ತನಗೂ ಉಂಟೆಂಬುದು ಅವನ ಸಮರ್ಥನೆ. ಅವನನ್ನು ಸಂಪಾದಕನೆನ್ನುವುದಕ್ಕಿಂತ ಆ ಪರಂಪರೆಯ ಅಕ್ಷರಸ್ಥ ಹಾಡುಗಾರನೆನ್ನುವುದು ಸರಿಯೆಂದು ನನ್ನ ಅಭಿಪ್ರಾಯ. ಆದರೂ ಒಂದು ಕೊರತೆ ಉಳಿಯುತ್ತದೆ: ‘ಕಲೇವಲ’ದ ಯಾವ ಸಾಲು ಅರ್ಹಿಪ್ಪನದೆಂದು ಕಾವ್ಯವನ್ನಷ್ಟೇ ಓದಿದವನಿಗೆ ತಿಳಿಯದು. ಅದಕ್ಕೆ 1908ರಿಂದ ಸಂಪುಟಗಳಾಗಿ ಅಚ್ಚಾದ ಮೂಲ ಹಾಡುಗಳ ಮಹಾಸಂಕಲನವನ್ನು ತೆರೆಯಬೇಕು.

ಈ ಕೊರತೆಯನ್ನು ಮನಗಂಡಿದ್ದ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಅದನ್ನು 1998ರಲ್ಲಿ ಪ್ರಕಟಿಸಿದಾಗ, 15,683 ಸಾಲುಗಳೂ ಒಬ್ಬರೇ ಹಾಡಿದವು. ಹಾಡಿದವರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಇದೆ.