ಗಾಜಿನ ನೂಲಿನ ದೋಣಿ

ಹೊಳೆಸಾಲಿನವರಿಗೆ ದೋಣಿ ಹೊಸ ವಸ್ತುವಲ್ಲ. ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ಸೀಮೆಗಳನ್ನು ತೊಯಿಸುತ್ತ ಕೃಷ್ಣೆ ಹರಿಯುತ್ತಾಳೆ. ರನ್ನನ ಮುಧೋಳದ ಮಗ್ಗುಲಲ್ಲಿ ಹಾದು ಬರುವ ಘಟಪ್ರಭೆ ಚಿಕ್ಕಸಂಗಮದಲ್ಲಿ ಅವಳನ್ನು ಕೂಡಿಕೊಳ್ಳುತ್ತಾಳೆ. ಈ ಎರಡು ಹೊಳೆಗಳ ನಡುವೆ ಬಾಳಿದ ಜನ ಚರ್ಮ ಹೊದಿಸಿದ ಹರಿಗೋಲನ್ನು ಬಲ್ಲರು, ಮರದ ನಾವೆಯನ್ನೂ ಬಲ್ಲರು. ಕಬ್ಬಿನ ನಾಡಾದುದರಿಂದ ಬೆಲ್ಲದ ಕೊಪ್ಪರಿಗೆಯನ್ನೇ ನೀರಿಗಿಳಿಸಿ ಆಚೆಯ ದಡ ಮುಟ್ಟಿದ ಸಾಹಸಿಗಳೂ ಉಂಟು. ಆದರೆ ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದು ಕೇಳದ ಬನಹಟ್ಟಿಯ ಮನೆಯೊಂದರ ಅಂಗಳಕ್ಕೆ ಎರಡು ಎಂಜಿನ್ನುಗಳ ಫೈಬರ್‌ಗ್ಲಾಸ್ ದೋಣಿ ಬಂದು ಕುಳಿತರೆ, ಓಣಿಯ ಜನ ಮೂಗಿನ ಮೇಲೆ ಬೆರಳಿಡದೆ ಇನ್ನೇನು ಮಾಡಬೇಕು?

ಆ ದೋಣಿ ಬಂದದ್ದು 2019ರ ವರ್ಷದ ಕೊನೆಯಲ್ಲಿ. ಮನೆಯ ಯಜಮಾನರು ನೇಕಾರರು. ಕೆಲವು ವಿದ್ಯುತ್ ಮಗ್ಗಗಳ ಒಡೆಯರು. ಈಜು ಬಲ್ಲವರಾದರೂ ನೀರಿನ ಶೋಕಿ ಇದ್ದವರಲ್ಲ. ಅವರಿಗೆ ದೋಣಿಯ ಹುಚ್ಚು ಹಿಡಿಸಿದ್ದು ಆ ವರ್ಷದ ಆಗಸ್ಟ್ ತಿಂಗಳು. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ, ಕೊಯ್ನಾ ಮೊದಲಾದ ಅಣೆಕಟ್ಟುಗಳಿಂದ ಬಿಟ್ಟ ನೀರು ಎಲ್ಲವೂ ಸೇರಿ ಕೃಷ್ಣೆ ದಡ ಮೀರಿದಳು. ಘಟಪ್ರಭೆ ಮುಧೋಳದ ಬೀದಿಗಳನ್ನೇ ಹೊಕ್ಕಳು. ಜಮಖಂಡಿ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಯೊಂದು ಯಜಮಾನರ ಹೆಂಡತಿಯ ತವರು. ಅಲ್ಲಿಯ ತೋಟದ ಮನೆಯ ಸುತ್ತ ನೀರು ನಿಂತು, ವಯಸ್ಸಾದ ಅತ್ತೆ ಮಾವಂದಿರು ಎರಡು ದಿನ ನಡುಗಡ್ಡೆಯಲ್ಲಿ ಉಳಿದರು. ರಕ್ಷಣಾ ಪಡೆಯವರ ದೋಣಿ ಒಂದೊಂದೇ ಹಳ್ಳಿ ಮುಗಿಸಿಕೊಂಡು ಅವರ ಬಳಿ ಬರುವಷ್ಟರಲ್ಲಿ ಮೂರನೆಯ ದಿನ ಹುಟ್ಟಿತ್ತು. ಆ ಎರಡು ರಾತ್ರಿ ಅಳಿಯ ಈಚೆಯ ದಡದಲ್ಲಿ ನಿಂತು, ದೂರದಲ್ಲಿ ಮಿಣುಕುವ ಕಂದೀಲನ್ನು ನೋಡುತ್ತಿದ್ದುದಷ್ಟೇ.

ಕರಾವಳಿಯಲ್ಲಿ ಪ್ರವಾಸಿಗರನ್ನು ತಿರುಗಿಸಿ ಹಳತಾದ ದೋಣಿಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ಯಾರದೋ ಮೂಲಕ ಬಂತು. 18 ಅಡಿ ಉದ್ದ. ಹಿಂಬದಿಗೆ ತೂಗುಹಾಕಿದ 25 ಅಶ್ವಶಕ್ತಿಯ ಎರಡು ಎಂಜಿನ್ನು. “ಒಂದು ಕೈ ಬಣ್ಣ ಹೊಡೆದರೆ ಹೊಸದೇ” ಎಂದು ಮಾರಿದವರು ಹೇಳಿದರು. ಹಳೆಯ ದೋಣಿಯನ್ನು ಮಾರುವವರು ಇದನ್ನು ಬಿಟ್ಟು ಬೇರೆ ಮಾತು ಆಡುವುದು ಅಪರೂಪ. ಲಾರಿಯ ಬಾಡಿಗೆ ಕೊಟ್ಟ ದಿನವೇ ಮನೆಯಾಕೆ ಖರ್ಚಿನ ವಹಿಯಲ್ಲಿ ಹೊಸ ಪುಟ ತೆರೆದು, ನೆತ್ತಿಯ ಮೇಲೆ “ಚೈನಿ” ಎಂದು ಬರೆದರು. ತನ್ನ ತಂದೆ ತಾಯಿಯರ ಸಲುವಾಗಿಯೇ ಬಂದ ದೋಣಿ ಅದೆಂಬುದು ಆಕೆಗೆ ತಿಳಿಯದ ಸಂಗತಿಯಲ್ಲ. ಆದರೆ ಸಂಸಾರದ ಲೆಕ್ಕ ಕರುಳಿನ ಲೆಕ್ಕವನ್ನು ಒಪ್ಪುವುದಿಲ್ಲ; ಮಗ್ಗಕ್ಕೆ ನೂಲು ತರುವ ದುಡ್ಡು ದೋಣಿಗೆ ಹೋದರೆ ಅದು ಚೈನಿಯೇ ಸರಿ.

ಬಣ್ಣದ ಕೆಳಗೆ ಏನಿದೆ ಎಂಬುದನ್ನು ಕಂಡುಹಿಡಿದವನು ಮುಧೋಳದ ಮೆಕ್ಯಾನಿಕ್ಕು. ಹೊಲದ ಪಂಪುಗಳನ್ನೂ ಹಳೆಯ ಮೋಟಾರ್‌ಸೈಕಲ್ಲುಗಳನ್ನೂ ಬಿಚ್ಚಿ ಕಟ್ಟಿ ಕೈ ಪಳಗಿದವನು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ನಾದ ಕೇಳುತ್ತಾರಲ್ಲ, ಹಾಗೆಯೇ ಅವನು ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯನ್ನೆಲ್ಲ ಬಡಿಯುತ್ತ ಬಂದ. ಮುಂಭಾಗ ಟಣ್ ಎಂದಿತು. ಪಕ್ಕಗಳೂ ಟಣ್ ಎಂದವು. ಎಂಜಿನ್ನುಗಳನ್ನು ಹೊತ್ತ ಹಿಂಬದಿಯ ಹಲಗೆ ಮಾತ್ರ ಹಸಿ ಮಣ್ಣಿನಂತೆ ದಬ್ ಎಂದಿತು. ಅಲ್ಲಿ ಸಣ್ಣ ತೂತು ಕೊರೆದಾಗ ಕಂದುಬಣ್ಣದ ಒದ್ದೆ ಪುಡಿ ಹೊರಬಂತು.

“ಸಾವ್ಕಾರ್ರ, ಒಳಗಿನ ಕಟ್ಟಿಗಿ ಕೊಳತೈತ್ರಿ. ಎಂಜಿನ್ ಜೋರ್ ಮಾಡಿದ್ರ ಹಲಗೀನ ಕಿತಗೊಂಡು ಹೊಳ್ಯಾಗ ಬೀಳತಾವ್ರಿ” ಎಂದ.

ಫೈಬರ್‌ಗ್ಲಾಸ್ ತಾನಾಗಿ ಕೊಳೆಯುವುದಿಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ದೋಣಿಗಳು ಹುಟ್ಟಿದಾಗ, ಹುಳು ಹಿಡಿಯದ, ತುಕ್ಕು ಹತ್ತದ ದೋಣಿ ಎಂದೇ ಜನ ಬೆರಗಾದರು. ಆದರೆ ಎಂಜಿನ್ನಿನ ಭಾರ ತಡೆಯಲು ಗಾಜಿನ ನಾರಿನ ಎರಡು ಪದರಗಳ ನಡುವೆ ಪ್ಲೈವುಡ್ ಕೂರಿಸುತ್ತಾರೆ. ಮೊಳೆ, ಬೋಲ್ಟುಗಳ ತೂತಿನ ಮೂಲಕ ಹನಿಹನಿಯಾಗಿ ಇಳಿದ ನೀರು ಆ ಕಟ್ಟಿಗೆಯನ್ನು ವರ್ಷಗಟ್ಟಲೆ ನೆನೆಸುತ್ತದೆ. ಹೊರಗೆ ಹೊಳಪು, ಒಳಗೆ ಕೊಳೆ. ಮನುಷ್ಯರಲ್ಲಿಯೂ ಕಾಣುವ ರೋಗವಾದ್ದರಿಂದ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದುರಸ್ತಿ ಶುರುವಾಗುವ ಮೊದಲೇ 2020ರ ಮಾರ್ಚ್ 25 ಬಂತು. ದೇಶವೇ ಬಾಗಿಲು ಹಾಕಿಕೊಂಡಿತು. ಬನಹಟ್ಟಿಯ ಮಗ್ಗಗಳು ನಿಂತವು. ಹಗಲೆಲ್ಲ ಖಟಖಟಿಸುತ್ತಿದ್ದ ಓಣಿಯಲ್ಲಿ ಗುಬ್ಬಿಯ ಸದ್ದು ಕೇಳತೊಡಗಿತು. ನೆಯ್ದ ಸೀರೆ ಹೋಗಲಿಲ್ಲ, ನೂಲು ಬರಲಿಲ್ಲ, ಕೈಯಲ್ಲಿದ್ದ ದುಡ್ಡು ಕರಗಿತು. ಅಂಗಳದಲ್ಲಿ ಕುಳಿತ ದೋಣಿಯನ್ನು ಕಂಡವರು “ಇನ್ನು ಇದರಾಗ ಅಕ್ಕಿ ಬೇಯಿಸಿ ಉಣ್ರಿ” ಎಂದು ನಕ್ಕರು. ಯಜಮಾನರು ನಗಲಿಲ್ಲ. ಕೊಂಡ ಬೆಲೆಯ ಅರ್ಧಕ್ಕಾದರೂ ಮಾರಿಬಿಡುವ ಯೋಚನೆ ಅವರಿಗೆ ಬಾರದೆ ಇರಲಿಲ್ಲ. ಆದರೆ ಆ ದಿನಗಳಲ್ಲಿ ಕೊಳ್ಳುವವರಾದರೂ ಯಾರು?

ಅಂಗಡಿಗಳು ತೆರೆದ ಮೇಲೆ ಗಾಜಿನ ನಾರಿನ ಸುರುಳಿಗಳೂ ರಾಳದ ಡಬ್ಬಿಗಳೂ ಬಂದವು. ಸುರುಳಿ ಬಿಚ್ಚಿದ ದಿನ ಯಜಮಾನರ ತಾಯಿ ಅಂಗಳಕ್ಕೆ ಬಂದು ಅದರ ಅಂಚನ್ನು ಹಿಡಿದು ನೋಡಿದರು. ಕೈಮಗ್ಗದ ಕಾಲದಿಂದಲೂ ನೂಲಿನೊಡನೆ ಬಾಳಿದ ಕಣ್ಣು ಅವರದು.

“ಇದೂ ನಮ್ಮ ಅರಿವೀನ ಐತಲ್ಲೋ ತಮ್ಮಾ! ಹಾಸು ಐತಿ, ಹೊಕ್ಕು ಐತಿ.”

ಮಾತು ನಿಜವಾಗಿತ್ತು. ಗಾಜನ್ನು ಕರಗಿಸಿ, ಕೂದಲಿಗಿಂತ ಸಣ್ಣ ಎಳೆಯಾಗಿ ಎಳೆದು, ಎಳೆಗಳನ್ನು ಕೂಡಿಸಿ ನೆಯ್ದ ಬಟ್ಟೆಯದು. ಇನ್ನೊಂದು ಸುರುಳಿ ನೆಯ್ದದ್ದಲ್ಲ. ತುಂಡು ನಾರುಗಳನ್ನು ಅಡ್ಡಾದಿಡ್ಡಿ ಹರಡಿ ಕಂಬಳಿಯಂತೆ ಹಾಸಿದ್ದು. ಒಂದಾದ ಮೇಲೊಂದು ಪದರವಿಟ್ಟು ರಾಳ ಕುಡಿಸಿದರೆ ಅದೇ ದೋಣಿಯ ಗೋಡೆ. ಯಾರೋ ಕಡಲ ತೀರದವರ ಗುಟ್ಟು ಎಂದು ಅದುವರೆಗೆ ಅಂಜಿದ್ದ ನೇಕಾರರಿಗೆ ಅಂದು ಧೈರ್ಯ ಬಂತು. ಹರಿದ ಬಟ್ಟೆಗೆ ತೇಪೆ ಹಾಕುವುದು ಅವರ ಕುಲದವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲವಷ್ಟೆ.

ಆದರೂ ಈ ತೇಪೆಗೆ ತನ್ನದೇ ನೇಮಗಳುಂಟು. ಬಿರುಕಿನ ಮೇಲೆ ನೇರವಾಗಿ ತುಂಡು ಅಂಟಿಸಿದರೆ ಅದು ನಿಲ್ಲದು. ಬಿರುಕಿನ ಸುತ್ತ ಗೋಡೆಯನ್ನು ಇಳಿಜಾರಾಗಿ ಉಜ್ಜಬೇಕು. ಕಾಲು ಅಂಗುಲ ದಪ್ಪದ ಗೋಡೆಗೆ ಮೂರು ಅಂಗುಲ ಇಳಿಜಾರು, ಅಂದರೆ ದಪ್ಪದ ಹನ್ನೆರಡರಷ್ಟು. ರಾಳಕ್ಕೆ ಬೆರೆಸುವ, ಅದನ್ನು ಗಟ್ಟಿಗೊಳಿಸುವ ದ್ರವ ನೂರಕ್ಕೆ ಒಂದೆರಡು ಪಾಲು ಮಾತ್ರ. ಹೆಚ್ಚಾದರೆ ಡಬ್ಬಿಯಲ್ಲಿಯೇ ಕಾದು ಕಲ್ಲಾಗುತ್ತದೆ. ಬನಹಟ್ಟಿಯ ಬಿಸಿಲಿಗೆ ಹದಿನೈದು ನಿಮಿಷದ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಬೇಕಾಯಿತು. ಆದುದರಿಂದ ನಸುಕಿನಲ್ಲೆದ್ದು, ಮೂಗಿಗೆ ಬಾಯಿಗೆ ಮುಸುಕು ಕಟ್ಟಿ, ಕೈಚೀಲ ತೊಟ್ಟು, ಸೂರ್ಯ ಮಾಳಿಗೆಯ ಮೇಲೆ ಬರುವಷ್ಟರಲ್ಲಿ ಎರಡು ಪದರ ಮುಗಿಸುತ್ತಿದ್ದರು. ಉಜ್ಜಿದ ಗಾಜಿನ ಪುಡಿ ಮೈಗೆ ತಾಗಿದರೆ ತುರಿಕೆ. ಎಷ್ಟು ಮುಚ್ಚಿಕೊಂಡರೂ ಅಲ್ಲಿಷ್ಟು ಇಲ್ಲಿಷ್ಟು ತಾಗದೆ ಬಿಡಲಿಲ್ಲ. ಹಿಂಬದಿಯ ಕೊಳೆತ ಕಟ್ಟಿಗೆಯನ್ನು ಕೆತ್ತಿ ತೆಗೆದು, ನೀರು ತಡೆಯುವ ಹೊಸ ಪ್ಲೈವುಡ್ ಕೂರಿಸಿದರು. ಬೋಲ್ಟಿನ ತೂತುಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ರಾಳ ತುಂಬಿಸಿ, ಒಣಗಿದ ಮೇಲೆ ಮತ್ತೆ ಸರಿಯಳತೆಗೆ ಕೊರೆದರು. ಇನ್ನು ನೀರು ಕಟ್ಟಿಗೆಯನ್ನು ಮುಟ್ಟಬೇಕಾದರೆ ರಾಳದ ಗೋಡೆ ದಾಟಬೇಕು.

ಕೊನೆಗೆ ಉಳಿದದ್ದು ಎಂಜಿನ್ನಿನ ಪ್ರಶ್ನೆ. ಹಳೆಯ ಜಾವಾ, ಯೆಜ್ದಿಗಳಂತೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಜಾತಿಯವಾದುದರಿಂದ ಮುಧೋಳದವನಿಗೆ ಅವುಗಳ ಗುಣ ಗೊತ್ತಿತ್ತು. ಆದರೆ ತಂಪಿನ ನೀರು ತಿರುಗಿಸುವ ರಬ್ಬರ್ ಚಕ್ರಗಳು ಒಣಗಿ ಸೀಳಿದ್ದವು. ತಂತಿಗಳು ಹಸಿರು ಹಿಡಿದಿದ್ದವು. ಪೆಟ್ರೋಲಿನ ಕೊಳವೆಗಳು ಮೆತ್ತಗಾಗಿದ್ದವು. ಕಬ್ಬಿನಿಂದ ಬರುವ ಎಥನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ತಮ್ಮ ಸೀಮೆಯ ಕಬ್ಬೇ ತಮ್ಮ ದೋಣಿಯ ಕೊಳವೆ ತಿಂದಿತೆಂದು ಯಜಮಾನರಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಎಂಜಿನ್ನುಗಳನ್ನು ಸರಿಪಡಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಒಂದನ್ನು ಮಾರಿ ಇನ್ನೊಂದನ್ನು ಸರಿಮಾಡುವುದು ಜಾಣತನವೆಂದು ಅವರೇ ಹೇಳಿದರು. ವಹಿ ಹಿಡಿದು ಕುಳಿತ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರು.

“ಹೋಗಾಕ ಒಂದು ಸಾಕ್ರಿ. ಬರಾಕ?” ಎಂದು ಕೇಳಿದರು.

ಆ ವರ್ಷ ದೀಪಾವಳಿಗೆ ಮನೆಯಲ್ಲಿ ಹೊಸ ಸೀರೆ ಬರಲಿಲ್ಲ. ಎರಡನೆಯ ಎಂಜಿನ್ನು ಉಳಿಯಿತು. ಮುಧೋಳದವನು ಇನ್ನೊಂದು ಮಾತು ಸೇರಿಸಿದ. ಎರಡು ಎಂಜಿನ್ನಿಗೆ ಒಂದೇ ಟ್ಯಾಂಕು, ಒಂದೇ ಬ್ಯಾಟರಿ ಇದ್ದರೆ, ಟ್ಯಾಂಕಿಗೆ ನೀರು ಬಿದ್ದ ದಿನ ಎರಡೂ ಒಟ್ಟಿಗೇ ನಿಲ್ಲುತ್ತವೆ. ಆಗ ಎರಡಿದ್ದೂ ಒಂದೂ ಇಲ್ಲ. ಆದಕಾರಣ ಎರಡಕ್ಕೂ ಬೇರೆ ಬೇರೆ ಟ್ಯಾಂಕು, ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ಸೋಸುಬಟ್ಟಲು ಬಂದವು. ನೂಲಿಗೆ ಬಣ್ಣ ಹಾಕುವ ಪೀಪಾಯಿಯಲ್ಲಿ ನೀರು ತುಂಬಿ, ಅದರಲ್ಲಿ ಒಂದೊಂದೇ ಎಂಜಿನ್ನನ್ನು ಮುಳುಗಿಸಿ ಚಾಲೂ ಮಾಡಿದಾಗ, ಆಗತಾನೆ ಮತ್ತೆ ಓಡತೊಡಗಿದ್ದ ಮಗ್ಗಗಳ ಸದ್ದನ್ನೂ ಅದು ಮುಚ್ಚಿಹಾಕಿತು.

ನೀರಿನ ಮೇಲಿನ ಪರೀಕ್ಷೆ ನಡೆದದ್ದು ಬೀಳಗಿ ಸೀಮೆಯ ಹಿನ್ನೀರಿನಲ್ಲಿ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅಲ್ಲಿ ಕಡಲಿನಂತೆ ನೀರು ಹರಡುತ್ತದೆ. ಮೇಲೆ ಶಾಂತ. ಕೆಳಗೆ ಮುಳುಗಿದ ಊರುಗಳ ಗೋಡೆ, ಬಾವಿಯ ಕಟ್ಟೆ, ಜಾಲಿಯ ಮೋಟು. ಎಂಜಿನ್ನಿನ ರೆಕ್ಕೆಗೆ ತಾಗಬಾರದ್ದೆಲ್ಲ ಅಲ್ಲುಂಟು. ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ, ಇನ್ನೊಂದರಲ್ಲೇ ದಡ ಸೇರುವ ಅಭ್ಯಾಸವನ್ನು ಅವರು ಅಲ್ಲಿ ಹತ್ತಾರು ಸಲ ಮಾಡಿದರು. ಒಂದೇ ಕಡೆಯ ಎಂಜಿನ್ನು ತಳ್ಳಿದರೆ ದೋಣಿ ಒಂಟಿ ಎತ್ತು ಕಟ್ಟಿದ ಚಕ್ಕಡಿಯಂತೆ ಒಂದೇ ಬದಿಗೆ ಎಳೆಯುತ್ತದೆ. ಚುಕ್ಕಾಣಿಯನ್ನು ಎದುರು ಬದಿಗೆ ಹಿಡಿದಿರಬೇಕು.

2021ರ ಜುಲೈ ಕೊನೆಯಲ್ಲಿ ಕೃಷ್ಣೆ ಮತ್ತೆ ಏರಿದಳು. ಈ ಸಲ ಮಾವನ ಎಮ್ಮೆಗಳನ್ನು ಎರಡು ದಿನ ಮೊದಲೇ ದಿಬ್ಬಕ್ಕೆ ಹೊಡೆದಿದ್ದರು. ಮಾವ ಮಾತ್ರ ತೋಟ ಬಿಟ್ಟು ಕದಲಲಿಲ್ಲ. ಅತ್ತೆ ಅವರನ್ನು ಬಿಟ್ಟು ಕದಲಲಿಲ್ಲ. ಮೂರನೆಯ ಬೆಳಿಗ್ಗೆ ದಾರಿ ಮುಳುಗಿತು. ತಾಲ್ಲೂಕು ಕಚೇರಿಗೆ ತಿಳಿಸಿ, ತೇಲುಕವಚ ತೊಟ್ಟು, ಯಜಮಾನರೂ ಮುಧೋಳದವನೂ ದೋಣಿಯನ್ನು ನೀರಿಗಿಳಿಸಿದರು. ಹೋಗುವಾಗ ಏನೂ ಆಗಲಿಲ್ಲ. ಮುದುಕರಿಬ್ಬರನ್ನೂ ನೆರೆಯ ತೋಟದ ಬಾಣಂತಿಯನ್ನೂ ಕೂಸನ್ನೂ ಕೂರಿಸಿಕೊಂಡು ಮರಳುವಾಗ, ಹೊಳೆಯ ನಡುವೆ, ತೇಲಿ ಬಂದ ಕಬ್ಬಿನ ರವದಿ ಬಲಗಡೆಯ ರೆಕ್ಕೆಗೆ ಸುತ್ತಿಕೊಂಡು ಎಂಜಿನ್ನು ನಿಂತಿತು. ದೋಣಿ ಸರಕ್ಕನೆ ತಿರುಗಿತು. ಅತ್ತೆ ಮಲ್ಲಯ್ಯನನ್ನು ಕೂಗಿದರು. ಯಜಮಾನರು ಚುಕ್ಕಾಣಿಯನ್ನು ಎದುರಿಗೆ ಹಿಡಿದು, ಮೂತಿಯನ್ನು ಸೆಳವಿಗೆ ಓರೆಯಾಗಿಸಿ, ಎಡಗಡೆಯದೊಂದರಿಂದಲೇ ನಿಧಾನವಾಗಿ ದಡದ ಕಡೆಗೆ ಸರಿದರು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ದಡದಲ್ಲಿ ನಿಂತಿದ್ದ ಹೆಂಡತಿ ಕೂಸನ್ನು ಎತ್ತಿಕೊಂಡರು, ಯಾರೂ ಮಾತಾಡಲಿಲ್ಲ.

ಕಬ್ಬಿಗೆ ಹೇಗೆ, ಮಗ್ಗಕ್ಕೆ ಹೇಗೆ, ದೋಣಿಗೂ ಹಾಗೆಯೇ ನಿತ್ಯದ ಆರೈಕೆ ಬೇಕು. ಹೊಳೆ ಏರಿದ ದಿನ ಎಂಜಿನ್ನು ಹತ್ತಬೇಕಾದರೆ ಹೊಳೆ ಬತ್ತಿದ ತಿಂಗಳುಗಳಲ್ಲಿ ಅದನ್ನು ನೆನೆದಿರಬೇಕು. ಹದಿನೈದು ದಿನಕ್ಕೊಮ್ಮೆ ಪೀಪಾಯಿಯಲ್ಲಿ ಎಂಜಿನ್ನು ಓಡುತ್ತದೆ. ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಉಳಿಯಗೊಡುವುದಿಲ್ಲ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದುದರಿಂದ, ತಪಾಸಣೆ, ನೋಂದಣಿಗಳ ಕಾಗದಗಳೂ ಮಗ್ಗದ ಕಾಗದಗಳ ಪಕ್ಕದಲ್ಲಿ ಜಾಗ ಪಡೆದವು. ಸುತ್ತಿಗೆಯ ಹಿಡಿಯಿಂದ ಹಿಂಬದಿಯ ಹಲಗೆಯನ್ನು ಬಡಿದು ನೋಡುವ ಕೆಲಸ ಈಗ ತಾಯಿಯವರದು. ಅವರ ಕಿವಿ ಇನ್ನೂ ಚುರುಕು.

ಮನೆಯಾಕೆಯ ವಹಿಯಲ್ಲಿ “ಚೈನಿ” ಎಂಬ ಪುಟಕ್ಕೆ ಆ ಜುಲೈ ನಂತರ ಒಂದು ಅಡ್ಡಗೆರೆ ಬಿತ್ತು. ದೋಣಿಯ ಖರ್ಚು ಆಮೇಲೆ ಬೇರೊಂದು ಪುಟಕ್ಕೆ ಹೋಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚನ್ನು ಬರೆಯುತ್ತಿದ್ದ ಪುಟ ಅದು.