ನಮ್ಮ ಸಾಯಂಕಾಲದ ಥ್ರೋಬಾಲ್

"ಐವತ್ತು ದಾಟಿದ ಮೇಲೂ ಇದೆಲ್ಲ ಬೇಕೇನಮ್ಮ?" ಅಂತ ಕೇಳೋರು ನಮ್ಮ ಚಿಂತಾಮಣೀಲಿ ಈಗ್ಲೂ ಅವ್ರೆ. ಬೇಕು ಕಣ್ರಮ್ಮ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮ ಬೀದಿ ಹೆಂಗಸರು ಖಾಲಿ ಸೈಟಲ್ಲಿ ನೆಟ್ ಕಟ್ಟಿ ಥ್ರೋಬಾಲ್ ಆಡಕ್ಕೆ ಶುರು ಮಾಡಿ ಆರು ವರ್ಷ ಆಯ್ತು. ರೂಲ್ಸ್ ಪ್ರಕಾರ ಒಂದು ಕಡೆಗೆ 7 ಜನ ಬೇಕು. ನಮ್ಗೆ ಐದೈದು ಜನ ಸೇರಿದ್ರೆ ಅದೇ ಹಬ್ಬ.

ಈ ಆಟದಲ್ಲಿ ಚೆಂಡು ಹಿಡಿದು 3 ಸೆಕೆಂಡ್ ಒಳಗೆ ಎಸೀಬೇಕು. ಇಬ್ಬರು ಒಟ್ಟಿಗೆ ಹಿಡಿದ್ರೆ ಪಾಯಿಂಟ್ ಹೋಯ್ತು. ಅದಕ್ಕೆ ಹಿಡಿಯೋಳು "ನಂದು!" ಅಂತ ಕೂಗ್ಬೇಕು. ಮನೇಲಿ ಯಾವತ್ತೂ ಯಾವುದನ್ನೂ ನಂದು ಅನ್ನದ ಹೆಂಗಸರು ನಾವು. ಮೊದಮೊದಲು ಯಾರ ಬಾಯಲ್ಲೂ ಆ ಮಾತೇ ಬರ್ತಿರಲಿಲ್ಲ. ಈಗ ಬೀದಿ ಕೊನೆಗೂ ಕೇಳ್ಸತ್ತೆ.

ಗುಂಪು ಒಡೀದೇ ಉಳ್ದಿರೋದು ಮೂರು ಕಟ್ಟುಪಾಡಿಂದ. ಬಂದೋರಿಗೆಲ್ಲ ಆಟ ಕೊಡ್ಬೇಕು, ಚೆನ್ನಾಗಿ ಆಡೋರಿಗೆ ಮಾತ್ರ ಅಲ್ಲ. ಆಟದಲ್ಲಿ ಬೈಕೊಂಡಿದ್ದು ಅಲ್ಲೇ ಮುಗೀಬೇಕು. ಎರಡು ದಿನ ಬರದೇ ಇರೋರ ಮನೆಗೆ ಯಾರಾದ್ರೂ ಹೋಗಿ ನೋಡ್ಕೊಂಡು ಬರ್ಬೇಕು.

ಈ ಮೂರನೇದರ ಬೆಲೆ ಗೊತ್ತಾಗಿದ್ದು, ನಮ್ಮ ಗುಂಪಿನ ಅಕ್ಕ ಒಬ್ಬರ ಯಜಮಾನರು ತೀರ್ಕೊಂಡಾಗ. ಇನ್ನು ಅವರು ಆಚೆ ಬರಲ್ಲ ಅಂತ್ಲೇ ಎಲ್ಲರೂ ಅಂದ್ಕೊಂಡ್ರು. ನಾವು ಆಟಕ್ಕೆ ಕರೀಲಿಲ್ಲ. ದಿನಾ ಇಬ್ಬಿಬ್ಬರು ಹೋಗಿ ಕೂತು, ಅವರೆಕಾಯಿ ಬಿಡಿಸ್ಕೊಟ್ಟು ಬರ್ತಿದ್ವಿ. ನಾಲ್ಕು ತಿಂಗಳಾದ ಮೇಲೆ ಅವರೇ ಕೇಳಿದ್ರು, "ನನ್ನ ಜಾಗದಲ್ಲಿ ಯಾರು ನಿಂತ್ಕೋತಾರೆ?"

"ಯಾರೂ ಇಲ್ಲಕ್ಕ, ಖಾಲಿ ಬಿಟ್ಟಿದೀವಿ."

ಮಾರನೇ ದಿನ ಬಂದ್ರು. ಬೀದೀಲಿ ಕೆಲವರು ಗುಸುಗುಸು ಅಂದ್ರು. ಅವತ್ತು ಆಟ ಮುಗಿದ ಮೇಲೆ ಅವರನ್ನ ನಡುವೆ ಇಟ್ಕೊಂಡು, ಎಲ್ಲರೂ ಅದೇ ಬೀದೀಲೇ ನಡ್ಕೊಂಡು ಹೋದ್ವಿ. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಕೊಡಗಿನೋರದ್ದು ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನಗಳ ನಡುವೆ ಹಾಕಿ ಹಬ್ಬ ಶುರು ಮಾಡಿದಾಗ ಸೇರಿದ್ದು 60 ಮನೆತನ. 2024ರಲ್ಲಿ ನಾಪೋಕ್ಲಲ್ಲಿ 360 ತಂಡ ಆಡಿದ್ವು. ಗೆಲ್ಲೋದು ಒಂದೇ ತಂಡ. ಮಿಕ್ಕೋರೆಲ್ಲ ಬರೋದು ತಮ್ಮೋರ ಜೊತೆ ಒಂದು ದಿನ ಇರಕ್ಕೆ ಅಲ್ವಾ?

ನಿಮ್ಮ ಬೀದೀಲೂ ಶುರು ಮಾಡಿ. ಒಂದು ಚೆಂಡು, ಒಂದು ನೆಟ್ಟು, ಸಾಯಂಕಾಲ ಮುಕ್ಕಾಲು ಗಂಟೆ ಸಾಕು. ಕುಕ್ಕರ್ ಒಸಿ ತಡವಾಗಿ ಕೂಗಿದ್ರೆ ಯಾರೂ ಉಪವಾಸ ಇರಲ್ಲ.