ಡಾಬಕಾದಿಂದ ನೇತ್ರಾಣಿಗೆ

ಬೀದರ್ ಜಿಲ್ಲೆಯ ನಮ್ಮ ಡಾಬಕಾ ಕಡೆಯವರಿಗೆ ಸಮುದ್ರವೆಂದರೆ ತೆರೆಯ ಮೇಲೆ ಕಂಡದ್ದೇ. ನಮ್ಮ ಮಾಂಜ್ರಾ ನದಿ ಕೂಡ ಕರಾವಳಿಗೆ ಬೆನ್ನು ತಿರುಗಿಸಿ ಗೋದಾವರಿ ಸೇರುತ್ತದೆ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ಊರ ಹುಡುಗರ ಬಾಯಲ್ಲಿ ಆ ದ್ವೀಪದ ಹೆಸರು ಓಡಾಡತೊಡಗಿತು. ನಾನು ಹೊರಟೇಬಿಟ್ಟೆ. “ಈಸಾಕ ಬರಂಗಿಲ್ಲ, ಸಮುದ್ರದಾಗ ಹೋಗಿ ಏನ್ ಮಾಡ್ತೀಪಾ?” ಎಂದರು ಕಾಕಾ.

ಬೀದರಿನಿಂದ ಹುಬ್ಬಳ್ಳಿಯವರೆಗಿನ ರಾತ್ರಿ ಬಸ್ಸಿನ ಬಗ್ಗೆ ಹೇಳುವಂಥದ್ದೇನಿಲ್ಲ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಗಾಳಿ ಒದ್ದೆಯಾಯಿತು. ಮುರ್ಡೇಶ್ವರಕ್ಕೆ ಹೋಗುವ ಮೊದಲು ಕಾರವಾರಕ್ಕೆ ತಿರುಗಿದೆ. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಧಾರವಾಡದ ವಿಶ್ವವಿದ್ಯಾಲಯ ಈ ಒಂದು ವಿಭಾಗವನ್ನು ಅಷ್ಟು ದೂರ, ಅಲೆಯ ಪಕ್ಕದಲ್ಲೇ ಇಟ್ಟದ್ದು ನನಗೆ ಬಹಳ ಹಿಡಿಸಿತು. ಇಳಿತದ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ಹೆಂಗಸರು ಬಗ್ಗಿ ಬಳಚು ಎಂಬ ಚಿಪ್ಪುಜೀವಿ ಆರಿಸುತ್ತಿದ್ದರು. ನದಿಯ ಮಣ್ಣು ಸೇರಿ ನೀರು ರಾಡಿಯಾಗಿತ್ತು.

ಕರ್ನಾಟಕದ ದಡದ ಗುಂಟ ಹವಳ ಅಪರೂಪವಾಗಿರುವುದಕ್ಕೆ ಈ ರಾಡಿ ಒಂದು ಮುಖ್ಯ ಕಾರಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ತಂದು ಸುರಿಯುತ್ತವೆ. ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಲ್ಲಿ ಬೇಯಿಸಿದ ಊಟದಲ್ಲಿ ಹವಳಕ್ಕೂ ಪಾಲುಂಟು. ಬೆಳಕು ತಲುಪದಿದ್ದರೆ ಇಬ್ಬರೂ ಉಪವಾಸ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ರಾಡಿಯಿಂದ ಆಚೆ ನಿಂತಿದೆ. ಅದರ ಸಂಪತ್ತೆಲ್ಲ ಈ ದೂರದ ಕೊಡುಗೆ.

ಮುರ್ಡೇಶ್ವರದಿಂದ ಬೆಳಿಗ್ಗೆ ಹೊರಟ ದೋಣಿ ಒಂದೂವರೆ ತಾಸು ಕುಲುಕಿತು. ಬೆಳಗಿನ ಉಪ್ಪಿಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಬಿಡಿ. ಎದುರಿಗೆ ಕಡಿದಾದ ಬಂಡೆ, ಮೇಲೆ ಹಸಿರು ಕಾಡು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಇಂಗ್ಲಿಷರು ಇದಕ್ಕೆ ಪಾರಿವಾಳದ ದ್ವೀಪವೆಂದು ಹೆಸರಿಟ್ಟರು. ನಮ್ಮ ನೌಕಾಪಡೆ ಇದನ್ನು ಗುರಿ ಹೊಡೆಯುವ ತಾಲೀಮಿಗೆ ಬಳಸಿತು. ಆ ಗುಂಡುಗಳು ಹದ್ದಿನ ಗೂಡಿಗೂ ಹವಳಕ್ಕೂ ಕುತ್ತೆಂದು ಪರಿಸರವಾದಿಗಳು ವಿರೋಧಿಸಿದರು. ದೇಶರಕ್ಷಣೆಗೆ ತಾಲೀಮು ಬೇಕು, ಒಪ್ಪಿದೆ. ಅದಕ್ಕೆ ಈ ಬಂಡೆಯೇ ಏಕೆ ಬೇಕೋ ನನಗಂತೂ ತಿಳಿಯದು.

ಬೆನ್ನಿಗೆ ಸಿಲಿಂಡರ್, ಬಾಯಿಗೆ ನಳಿಗೆ. ಈಜು ಬಾರದವರನ್ನು ತರಬೇತುದಾರ ಹಿಡಿದುಕೊಂಡೇ ಇಳಿಸುತ್ತಾನೆ. ಕಿವಿ ಒತ್ತಿದಾಗ ಮೂಗು ಹಿಡಿದು ಗಾಳಿ ಊದಬೇಕು. ಮೊದಲ ನಿಮಿಷ ನನ್ನ ಉಸಿರಿನ ಸದ್ದಿಗೆ ನಾನೇ ಹೆದರಿದೆ. ಆಮೇಲೆ ಕಣ್ಣು ತೆರೆದುಕೊಂಡಿತು. ಬಂಡೆಯ ಮೈತುಂಬ ಕಂದು, ಹಸಿರು, ತಿಳಿ ನೇರಳೆ ಹವಳದ ಗುಪ್ಪೆಗಳು. ಅವುಗಳ ಸಂದಿಯಲ್ಲಿ ಚಿಟ್ಟೆಮೀನು, ಕೊಕ್ಕಿನಿಂದ ಬಂಡೆ ಕೆರೆಯುವ ಗಿಳಿಮೀನು, ಗುಹೆಯ ಬಾಯಲ್ಲಿ ಸಾಹುಕಾರನಂತೆ ಕುಳಿತ ದಪ್ಪತುಟಿಯ ಗೊಬ್ರ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಲ್ಲಿನ ಹವಳಗಳ ನಡುವಿನ 89 ಬಗೆಯ ಮೀನುಗಳನ್ನು ದಾಖಲಿಸಿದ್ದಾರೆ. ನನಗೆ ಗುರುತು ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಒಂದೆಡೆ ಹರಿದ ನೈಲಾನ್ ಬಲೆ ಹವಳಕ್ಕೆ ಸುತ್ತಿಕೊಂಡಿತ್ತು. ಅದರ ಪಕ್ಕ ಮುರಿದ ತುಂಡುಗಳ ರಾಶಿ. ಮೇಲೆ ಬಂದು ದೋಣಿ ನಡೆಸುವ ತಾಂಡೇಲರನ್ನು ಕೇಳಿದೆ. “ಲಂಗರು ಬಿದ್ದ ಜಾಗ ಮಾರಾಯ್ರೇ. ಎಲ್ಲರೂ ಮರಳು ನೋಡಿ ಹಾಕೂದಿಲ್ಲ” ಎಂದರು. ಗುಪ್ಪೆಯಾಗಿ ಬೆಳೆಯುವ ಹವಳ ವರ್ಷಕ್ಕೆ ಕೆಲವೇ ಮಿಲಿಮೀಟರ್ ದಪ್ಪವಾಗುತ್ತದೆ. ತೊಗರಿಯಾದರೆ ಒಂದು ವರ್ಷ ಹಾಳಾದರೂ ಮುಂದಿನ ಮೃಗಶಿರಕ್ಕೆ ಮತ್ತೆ ಬಿತ್ತಬಹುದು, ಇದನ್ನು ಬಿತ್ತುವವರಿಲ್ಲ.

ಕಾವಿನ ಕಾಟ ಬೇರೆ. ನೀರು ವಾರಗಟ್ಟಲೆ ವಾಡಿಕೆಗಿಂತ ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳ ಹೀಗೆಯೇ ಬಿಳಿಚಿತು. ಜಗತ್ತಿನ ನಾನಾ ಕಡಲುಗಳಲ್ಲೂ ಅದೇ ಸುದ್ದಿ. ಇದನ್ನು ಮುರ್ಡೇಶ್ವರ ಇರುವ ಭಟ್ಕಳ ತಾಲ್ಲೂಕಿನವರು ತಡೆಯಲಾರರು. ಲಂಗರನ್ನೂ ಬಲೆಯನ್ನೂ ತಡೆಯಬಲ್ಲರು. ಬಿಸಿಯಿಂದ ಬಸವಳಿದ ಹವಳಕ್ಕೆ ಪೆಟ್ಟಿಲ್ಲದಿದ್ದರೆ ಚೇತರಿಸಿಕೊಳ್ಳುವ ಅವಕಾಶವಾದರೂ ಉಳಿಯುತ್ತದೆ.

2001ರಿಂದ ಹವಳಕ್ಕೂ, ಈ ನೀರಿನಲ್ಲಿ ಆಗೊಮ್ಮೆ ಈಗೊಮ್ಮೆ ಸುಳಿಯುವ ತಿಮಿಂಗಿಲ ಶಾರ್ಕಿಗೂ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಸಮನಾದ ರಕ್ಷಣೆಯಿದೆ. ಕಾಗದದ ಮೇಲೆ ಅಷ್ಟಿದ್ದರೂ ಹವಳದ ಮೇಲೆ ಲಂಗರು ಬೀಳುತ್ತಿದೆ. ಬಂಡೆಯ ಸುತ್ತ ನಾಲ್ಕಾರು ಕಡೆ ದೋಣಿ ಕಟ್ಟುವ ತೇಲುಬುರುಡೆಗಳನ್ನು ಶಾಶ್ವತವಾಗಿ ನಿಲ್ಲಿಸಿ, ಅವುಗಳ ಉಸ್ತುವಾರಿಯನ್ನು ಮೀನುಗಾರರಿಗೂ ಡೈವಿಂಗ್‌ನವರಿಗೂ ಒಟ್ಟಾಗಿ ವಹಿಸಿದರೆ ಅರ್ಧ ಕೆಲಸ ಆದಂತೆ. ಅವರನ್ನು ಹೊರಗಿಟ್ಟು ಬರೀ ಫಲಕ ನೆಟ್ಟರೆ ಅದನ್ನು ಓದುವವರು ಹದ್ದುಗಳು ಮಾತ್ರ.

ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಹೋಗುವವರು ಅದು ಕಳೆದ ಮೇಲೆ ಹೋಗಿ. ಕೆಳಗೆ ಏನನ್ನೂ ಮುಟ್ಟಬೇಡಿ, ತುಂಡನ್ನೂ ಎತ್ತಿಕೊಳ್ಳಬೇಡಿ. ದುಡ್ಡು ಕಟ್ಟುವ ಮೊದಲು ದೋಣಿಯವರನ್ನು ಒಂದು ಮಾತು ಕೇಳಿ, ಲಂಗರು ಎಲ್ಲಿ ಹಾಕುತ್ತೀರಿ ಎಂದು. ಸರಿಯಾದ ಉತ್ತರ ಬರದಿದ್ದರೆ ಬೇರೆ ದೋಣಿ ಹತ್ತಿ.